ಅಪ್ಪ ಹೇಳುವುದು ಸೈಡ್ ಆನ್, ಕೋಚ್ ಹೇಳುವುದು ಫ್ರಂಟ್ ಆನ್: ನಡುವೆ ಮಗನ ಸೊಂಟ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ತೊಂಬತ್ತರ ದಶಕದಲ್ಲಿ ಶಿವಮೊಗ್ಗ ವಲಯದ ಪರ ವೇಗದ ಬೌಲರ್ ಆಗಿ ಆಡಿದ್ದೇನೆ. ನಮ್ಮ ತಂದೆ ಭದ್ರಾವತಿಯಲ್ಲಿ ಕಾರ್ಖಾನೆ ತಂಡಕ್ಕೆ ವಾಲಿಬಾಲ್ ಆಡಿದವರು. ನನ್ನ ತಂಗಿ ವಿಶ್ವವಿದ್ಯಾಲಯ ಮಟ್ಟದ ಓಟಗಾರ್ತಿ, ಈಗ ಶಿವಮೊಗ್ಗದಲ್ಲಿ ಪಿ.ಟಿ. ಟೀಚರ್. ಮಗನಿಗೆ ಈ ಜುಲೈ ಕೊನೆಗೆ 14 ತುಂಬುತ್ತದೆ, ಜೂನ್‌ನಿಂದ 9ನೇ ತರಗತಿ. ಬಲಗೈ ವೇಗದ ಬೌಲರ್. ವಾರಕ್ಕೆ ಮೂರು ದಿನ ಊರಿನ ಕ್ಯಾಂಪ್‌ನಲ್ಲಿ ಸುಮಾರು 60 ಎಸೆತ, ಶನಿವಾರ ಮ್ಯಾಚ್‌ನಲ್ಲಿ ಎಂಟು ಓವರ್, ಭಾನುವಾರ ಸುತ್ತಮುತ್ತ ಎಲ್ಲಾದರೂ 40 ಗಜದ ಟೆನಿಸ್ ಬಾಲ್ ಟೂರ್ನಿ, ಉಳಿದ ಎರಡು ಸಂಜೆ ಮನೆಯ ಅಂಗಳದಲ್ಲಿ ನಾನೇ ನಿಂತು 40 ಎಸೆತ ಹಾಕಿಸುತ್ತೇನೆ. ಕ್ಯಾಂಪ್‌ನ ಕೋಚ್ ಫ್ರಂಟ್ ಆನ್ (ಎದೆ ಬ್ಯಾಟ್ಸ್‌ಮನ್ ಕಡೆ ಇಟ್ಟು) ಹಾಕು ಅನ್ನುತ್ತಾರೆ. ನಾನು ಕಲಿತದ್ದು ಸೈಡ್ ಆನ್ (ಮೈ ಅಡ್ಡಕ್ಕೆ ತಿರುಗಿಸಿ), ಅದನ್ನೇ ಹೇಳಿಕೊಡುತ್ತೇನೆ. ಆಟ ನಮ್ಮ ಮನೆಯ ರಕ್ತದಲ್ಲೇ ಇದೆ, ಆದರೆ ಬೆಂಗಳೂರಿನಲ್ಲಿ ನಮಗೆ ಯಾರೂ ಇಲ್ಲ. ವಶೀಲಿ ಇಲ್ಲದೆ ಮೇಲೆ ಬರಲು ಆಗುತ್ತದೆಯೇ? ಈ ವರ್ಷವೇ ಅವನನ್ನು ಬೆಂಗಳೂರಿಗೆ ಕಳಿಸಲೇ? ಓದು ಏನು ಮಾಡುವುದು? ಇನ್ನೊಂದು ಸಣ್ಣ ವಿಷಯ: ಎರಡು ತಿಂಗಳಿಂದ ಸೊಂಟದ ಎಡಗಡೆ ನೋವು ಅನ್ನುತ್ತಾನೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಉಳುಕು ತೆಗೆಸಿದೆವು, ಎರಡು ದಿನ ಆರಾಮಿತ್ತು, ಮತ್ತೆ ಬಂತು. (ಮಗಳು, 11 ವರ್ಷ, ಅವಳೂ ಅಣ್ಣನ ಜೊತೆ ಆಡುತ್ತಾಳೆ.)

ಉತ್ತರ: ನೀವು ಕೊನೆಗೆ ‘ಸಣ್ಣ ವಿಷಯ’ ಎಂದು ಬರೆದದ್ದೇ ಇಲ್ಲಿ ದೊಡ್ಡದು, ಅದರಿಂದಲೇ ಶುರು ಮಾಡೋಣ. ಬೆಂಗಳೂರಿನ ತೀರ್ಮಾನವನ್ನು ಒಂದು ವರ್ಷ ಮುಂದೂಡಿದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಸೊಂಟನೋವನ್ನು ಇನ್ನೊಂದು ತಿಂಗಳು ಮುಂದೂಡಿದರೆ ಇಡೀ ಸೀಸನ್ನೇ ಹೋಗಬಹುದು. ಇವತ್ತಿನಿಂದ ಮಗನ ಬೌಲಿಂಗ್ ನಿಲ್ಲಿಸಿ. ಅಂಗಳದ 40 ಎಸೆತವೂ ಬೇಡ, ‘ನಿಧಾನಕ್ಕೆ ಎರಡು ಓವರ್’ ಕೂಡ ಬೇಡ.

ಬೆಳೆಯುವ ವಯಸ್ಸಿನ ಬಲಗೈ ವೇಗದ ಬೌಲರ್‌ಗೆ ಸೊಂಟದ ಎಡಗಡೆ ಒಂದೇ ಜಾಗದಲ್ಲಿ ನೋವಿದ್ದು, ಅದು ಬೌಲಿಂಗ್ ಮಾಡಿದಾಗ ಹೆಚ್ಚಾಗಿ ಮಲಗಿದಾಗ ಇಳಿಯುತ್ತಿದ್ದು, ಎರಡು ವಾರ ದಾಟಿತೆಂದರೆ ನಾವು ಅದನ್ನು ಸ್ಟ್ರೆಸ್ ಫ್ರಾಕ್ಚರ್ (ಪದೇಪದೇ ಬೀಳುವ ಭಾರದಿಂದ ಮೂಳೆ ಬಿರುಕು ಬಿಡುವುದು) ಎಂದೇ ಹಿಡಿದು ನಡೆಯುತ್ತೇವೆ. ಅಲ್ಲ ಎಂದು ಸ್ಕ್ಯಾನ್ ಹೇಳಬೇಕು. ಬೆನ್ನುಮೂಳೆಯ ತಳದ ಎಲ್4, ಎಲ್5 ಮಣಿಗಳ ಹಿಂಭಾಗದಲ್ಲಿ ಪಾರ್ಸ್ ಎಂಬ ಕಿರಿದಾದ ಮೂಳೆಯ ಭಾಗವಿದೆ. ಚೆಂಡು ಬಿಡುವ ಹೊತ್ತಿಗೆ ಎಡಗಾಲು ನೆಲಕ್ಕೆ ಬಡಿಯುತ್ತದೆ, ಆ ಕ್ಷಣ ದೇಹತೂಕದ ಐದಾರು ಪಟ್ಟು ಭಾರ ಕಾಲಿನ ಮೂಲಕ ಮೇಲೆ ಬರುತ್ತದೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಗುತ್ತಿರುತ್ತದೆ. ಮೂರೂ ಬಲ ಒಟ್ಟಾಗಿ ಬೀಳುವುದು ಎಡಗಡೆಯ ಪಾರ್ಸ್ ಮೇಲೆ. ಅದಕ್ಕೇ ಬಲಗೈ ಬೌಲರ್‌ಗೆ ನೋವು ಎಡಗಡೆ, ಎಡಗೈ ಬೌಲರ್‌ಗೆ ಬಲಗಡೆ. ತಂತಿಯನ್ನು ಒಂದೇ ಕಡೆ ಬಗ್ಗಿಸಿ ಬಗ್ಗಿಸಿ ಬಿಟ್ಟಂತೆ, ಒಂದು ಎಸೆತದಿಂದ ಏನೂ ಆಗುವುದಿಲ್ಲ, ಸಾವಿರಾರು ಎಸೆತದಿಂದ ಆಗುತ್ತದೆ.

ಎಕ್ಸ್‌ರೇಯಲ್ಲಿ ಕಾಣಲಿಲ್ಲ ಎಂದರೆ ಆಗಿಲ್ಲ ಎಂದಲ್ಲ. ಬಿರುಕು ಪೂರ್ತಿ ಬಿಟ್ಟ ಮೇಲಷ್ಟೇ ಎಕ್ಸ್‌ರೇ ತೋರಿಸುತ್ತದೆ, ಎಷ್ಟೋ ಸಲ ಆಗಲೂ ತೋರಿಸುವುದಿಲ್ಲ. ಮೂಳೆಯ ಒಳಗೆ ಊತ ಇರುವ ಮೊದಲ ಹಂತ ಕಾಣುವುದು ಎಂಆರ್‌ಐಯಲ್ಲಿ. ಪೂರ್ತಿ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚಿರುವುದೂ ಆ ಹಂತದಲ್ಲೇ. ಕ್ರೀಡಾ ವೈದ್ಯರನ್ನು, ಸಿಗದಿದ್ದರೆ ಮೂಳೆ ತಜ್ಞರನ್ನು ನೋಡಿ. ಸ್ಕ್ಯಾನ್ ಚೀಟಿಯ ಮೇಲೆ ‘ವೇಗದ ಬೌಲರ್, 13 ವರ್ಷ, ಎಡಗಡೆ ಎಲ್4–ಎಲ್5 ಪಾರ್ಸ್ ನೋಡಬೇಕು, ಸ್ಟಿರ್ ಸೀಕ್ವೆನ್ಸ್ ಸೇರಿಸಿ’ ಎಂದು ಬರೆಸಿಕೊಳ್ಳಿ. ಸ್ಟಿರ್ ಎಂದರೆ ಮೂಳೆಯೊಳಗಿನ ಊತವನ್ನು ಎದ್ದು ಕಾಣಿಸುವ ಎಂಆರ್‌ಐ ವಿಧಾನ. ಬರೀ ‘ಬೆನ್ನುನೋವು’ ಎಂದಿದ್ದರೆ ಡಿಸ್ಕ್ ನೋಡಿ ‘ಸರಿಯಿದೆ’ ಎಂದು ರಿಪೋರ್ಟ್ ಬರುವುದುಂಟು. ಅಷ್ಟರೊಳಗೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು: ಎಡಗಾಲ ಮೇಲೆ ನಿಂತು, ಬಲಮಂಡಿ ಎತ್ತಿ, ನಿಧಾನವಾಗಿ ಹಿಂದಕ್ಕೆ ಬಾಗಲಿ. ಎಡಗಡೆ ಅದೇ ಜಾಗದಲ್ಲಿ ಚುಚ್ಚಿದರೆ ಅನುಮಾನ ಬಲವಾಯಿತು. ಚುಚ್ಚದಿದ್ದರೆ ಸ್ಕ್ಯಾನ್ ಬೇಡ ಎಂದಲ್ಲ.

ಉಳುಕು ತೆಗೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಬಿಗಿದುಕೊಂಡ ಸ್ನಾಯು ಅವರ ಕೈಯಲ್ಲಿ ಸಡಿಲವಾಗುತ್ತದೆ, ನಿಮ್ಮ ಮಗನಿಗೆ ಎರಡು ದಿನ ಆರಾಮ ಸಿಕ್ಕಿದ್ದೂ ಅದರಿಂದಲೇ. ಆದರೆ ಆ ಸ್ನಾಯು ಬಿಗಿದುಕೊಂಡಿದ್ದು ಒಳಗಿನ ಮೂಳೆಯನ್ನು ಕಾಯಲು. ಅದನ್ನು ಸಡಿಲ ಮಾಡಿ ಮರುದಿನ ಹುಡುಗನನ್ನು ಟೂರ್ನಿಗೆ ಇಳಿಸಿದರೆ ಕಾವಲಿಲ್ಲದ ಮೂಳೆಯ ಮೇಲೆ ಭಾರ ಬೀಳುತ್ತದೆ. ಮ್ಯಾಚಿಗೆ ಮೊದಲು ನೋವಿನ ಮಾತ್ರೆ ನುಂಗಿಸುವುದೂ ಅಷ್ಟೇ ಕೆಟ್ಟದ್ದು.

ಇನ್ನು ಇದು ಬಂದದ್ದೆಲ್ಲಿಂದ ಎಂಬುದು. ನೀವು ಕೊಟ್ಟ ವಾರದ ಲೆಕ್ಕ ಕೂಡಿಸಿ ನೋಡಿ. ಕ್ಯಾಂಪ್ 180, ಶನಿವಾರ 48, ಭಾನುವಾರ ಮೂರು ಮ್ಯಾಚ್‌ಗೆ ಎರಡೆರಡು ಓವರ್ ಹಿಡಿದರೂ 36, ಅಂಗಳದಲ್ಲಿ 80. ಒಟ್ಟು 344 ಎಸೆತ, ಅಂದರೆ 57 ಓವರ್‌ಗೂ ಮೇಲೆ. ಏಳು ದಿನದಲ್ಲಿ ಒಂದು ದಿನವೂ ಬಿಡುವಿಲ್ಲ. ಕ್ಯಾಂಪ್‌ನ ಕೋಚ್‌ಗೆ 60 ಎಸೆತ ಕಾಣುತ್ತದೆ, ಟೂರ್ನಿ ತಂಡದ ಕ್ಯಾಪ್ಟನ್‌ಗೆ ಎರಡು ಓವರ್ ಕಾಣುತ್ತದೆ, ನಿಮಗೆ 40 ಎಸೆತ ಕಾಣುತ್ತದೆ. ಮೂವರಿಗೂ ಇದು ಹೆಚ್ಚಾಯಿತು ಅನಿಸುವುದಿಲ್ಲ. ಮೂರನ್ನೂ ಕೂಡಿಸಿಕೊಂಡಿರುವುದು ಹುಡುಗನ ಬೆನ್ನು ಮಾತ್ರ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ 15ರೊಳಗಿನ ವೇಗದ ಬೌಲರ್‌ಗೆ ಹಾಕಿರುವ ಮಿತಿ ಒಂದು ಸ್ಪೆಲ್‌ಗೆ, ಅಂದರೆ ಒಂದೇ ಸಲಕ್ಕೆ ಬಿಡುವಿಲ್ಲದೆ, 6 ಓವರ್, ದಿನಕ್ಕೆ 12. ಈ ವಯಸ್ಸಿಗೆ ನೆಟ್ಸ್, ಮ್ಯಾಚ್, ಟೆನಿಸ್ ಬಾಲ್ ಎಲ್ಲ ಸೇರಿ ವಾರಕ್ಕೆ 100ರಿಂದ 120 ಎಸೆತ, ಹೆಚ್ಚೆಂದರೆ ನಾಲ್ಕು ದಿನ, ಸತತ ಎರಡು ದಿನಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಸಲಹೆ.

40 ಗಜದ ಟೂರ್ನಿಯ ಬಗ್ಗೆ ಎರಡು ಮಾತು. ಮಲೆನಾಡಿನಲ್ಲಿ ಅದನ್ನು ಬಿಡಿಸುವುದು ಸುಲಭವಲ್ಲ, ಅದರ ಮಜಾ ನನಗೂ ಗೊತ್ತು. ಆದರೆ ಟೆನಿಸ್ ಚೆಂಡು ಹೆಚ್ಚೆಂದರೆ 60 ಗ್ರಾಂ, ಲೆದರ್ ಚೆಂಡು 156ರಿಂದ 163 ಗ್ರಾಂ. ಹಗುರ ಚೆಂಡಿಗೆ ವೇಗ ಬರಿಸಲು ಹುಡುಗರು ಭುಜ, ಮೊಣಕೈಗಳಿಂದ ಬೀಸುತ್ತಾರೆ, ಆ್ಯಕ್ಷನ್ ಕೆಡುತ್ತದೆ. ಹೊನಲು ಬೆಳಕಿನಲ್ಲಿ ರಾತ್ರಿ ಹನ್ನೊಂದಕ್ಕೆ ಮೈ ಬಿಸಿ ಮಾಡಿಕೊಳ್ಳದೆ ಓಡಿಬಂದು ಎರಡು ಓವರ್ ಹಾಕಿ, ಮತ್ತೆ ಎರಡು ಗಂಟೆ ಚಳಿಯಲ್ಲಿ ಕುಳಿತು, ಮತ್ತೆ ಎರಡು ಓವರ್ ಹಾಕುವುದು ಅದಕ್ಕಿಂತ ಕೆಟ್ಟದ್ದು. ಆಡಲೇಬೇಕೆಂದರೆ ಬ್ಯಾಟ್ ಹಿಡಿಯಲಿ, ಕೀಪಿಂಗ್ ಮಾಡಲಿ.

ಎರಡನೆಯ ಕಾರಣ ಬೆಳವಣಿಗೆ. ಹುಡುಗರು ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ ಪೆನ್ಸಿಲ್ ಗೆರೆ ಹಾಕಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆದಿದ್ದರೆ ಎಸೆತಗಳ ಲೆಕ್ಕವನ್ನು ಮೂರನೇ ಒಂದು ಪಾಲು ಇಳಿಸಿ. ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಕಡಿಮೆ, ಸ್ಕ್ಯಾನ್ ಜೊತೆಗೆ ವಿಟಮಿನ್ ಡಿ ರಕ್ತಪರೀಕ್ಷೆಯನ್ನೂ ಮಾಡಿಸಿ.

ಮೂರನೆಯದು ಸ್ವಲ್ಪ ಕಹಿ. ನೀವು ಸೈಡ್ ಆನ್ ಹೇಳುತ್ತೀರಿ, ಕೋಚ್ ಫ್ರಂಟ್ ಆನ್ ಹೇಳುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಎರಡೂ ಶೈಲಿಯಲ್ಲಿ ದೊಡ್ಡ ಬೌಲರ್‌ಗಳು ಆಡಿಹೋಗಿದ್ದಾರೆ. ತಪ್ಪಾಗುವುದು ಹುಡುಗ ಇಬ್ಬರನ್ನೂ ಬೇಸರಪಡಿಸಲಾರದೆ ಎರಡನ್ನೂ ಅರ್ಧರ್ಧ ಮಾಡಿದಾಗ. ಕೋಚ್ ಹೇಳಿದಂತೆ ಹಿಂಗಾಲಿನ ಪಾದ ಬ್ಯಾಟ್ಸ್‌ಮನ್ ಕಡೆ ಮುಖ ಮಾಡುತ್ತದೆ, ಸೊಂಟ ಎದುರಿಗೆ ತೆರೆದುಕೊಳ್ಳುತ್ತದೆ. ಆಮೇಲೆ ಅಪ್ಪ ಹೇಳಿದ್ದು ನೆನಪಾಗಿ ಭುಜವನ್ನು ಅಡ್ಡಕ್ಕೆ ತಿರುಗಿಸುತ್ತಾನೆ. ಇದಕ್ಕೆ ಮಿಕ್ಸ್ಡ್ ಆ್ಯಕ್ಷನ್ ಎನ್ನುತ್ತೇವೆ. ಹಿಂಗಾಲು ಊರಿದಾಗಿನಿಂದ ಮುಂಗಾಲು ಊರುವುದರೊಳಗೆ ಭುಜದ ಗೆರೆ 30 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ತಿರುಗಿದರೆ ಸೊಂಟಕ್ಕೆ ಅಪಾಯ ಹೆಚ್ಚು ಎಂಬುದನ್ನು ಕ್ರಿಕೆಟ್ ವಿಜ್ಞಾನ ಬಹಳ ಹಿಂದೆಯೇ ಗುರುತಿಸಿದೆ. ಆಟದ ಮನೆತನದ ಮಕ್ಕಳಲ್ಲಿ ಇದನ್ನು ನಾವು ಪದೇಪದೇ ನೋಡುತ್ತೇವೆ, ಏಕೆಂದರೆ ಅವರಿಗೆ ಮನೆಯಲ್ಲೊಬ್ಬ ಕೋಚ್, ಮೈದಾನದಲ್ಲೊಬ್ಬ ಕೋಚ್.

ನಿಮ್ಮ ಬಳಿ ಹಳೆಯ ವಿಡಿಯೊ ಇದ್ದರೆ ನೋಡಿ, ಹೊಸದಾಗಿ ತೆಗೆಯಲು ಬೌಲಿಂಗ್ ಮಾಡಿಸಬೇಡಿ. ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ, ಹಿಂದಿನಿಂದ ಸ್ಟಂಪ್ ಎತ್ತರದಲ್ಲಿ ಒಂದು, ಬದಿಯಿಂದ ಒಂದು ಇದ್ದರೆ ಸಾಕು. ಹಿಂಗಾಲು ಊರಿದ ಫ್ರೇಮ್‌ನಲ್ಲಿ ನಿಲ್ಲಿಸಿ. ಪಾದ ಕ್ರೀಸ್ ಗೆರೆಗೆ ಸಮಾನಾಂತರವಾಗಿದ್ದರೆ ಸೈಡ್ ಆನ್, ಬ್ಯಾಟ್ಸ್‌ಮನ್ ಕಡೆಗಿದ್ದರೆ ಫ್ರಂಟ್ ಆನ್, ನಡುವೆ ಇದ್ದರೆ ಸೆಮಿ ಓಪನ್. ಸೊಂಟ ಮತ್ತು ಭುಜ ಒಂದೇ ದಿಕ್ಕಿಗಿದ್ದರೆ ಯಾವುದಾದರೂ ನಡೆಯುತ್ತದೆ. ತಿದ್ದುವಾಗ ಸಾಮಾನ್ಯವಾಗಿ ಹುಡುಗನ ಹಿಂಗಾಲು ತಾನಾಗಿ ಎಲ್ಲಿ ಬೀಳುತ್ತದೋ ಅದನ್ನು ಹಾಗೇ ಬಿಟ್ಟು ಭುಜವನ್ನು ಅದಕ್ಕೆ ಹೊಂದಿಸುತ್ತೇವೆ. ಇದಕ್ಕೆ ತಿಂಗಳುಗಳೇ ಬೇಕು, ಮ್ಯಾಚ್‌ಗಳ ನಡುವೆ ಆಗುವ ಕೆಲಸವಲ್ಲ. ಹೇಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೈದಾನ ನೀರಲ್ಲಿರುತ್ತದೆ. ಬೇರೆ ಊರಿನವರಿಗೆ ಸಿಗದ ಬಿಡುವು ಇದು. ಮತ್ತೆ, ಹೇಳಿಕೊಡುವವರು ಒಬ್ಬರೇ ಇರಲಿ. ಅದು ನೀವಾಗಬಾರದು ಎಂದೇನಿಲ್ಲ, ಆದರೆ ದಿನವೂ ನೋಡುವ, ಜೊತೆಗೆ ಬೇರೆ ಹುಡುಗರನ್ನೂ ನೋಡುವ ಕೋಚ್ ಆದರೆ ಒಳ್ಳೆಯದು. ಅವರೊಂದಿಗೆ ಒಮ್ಮೆ ಕುಳಿತು ಮಾತಾಡಿ, ಆಮೇಲೆ ಅಂಗಳದಲ್ಲಿ ಆ್ಯಕ್ಷನ್ ವಿಷಯ ಎತ್ತಬೇಡಿ.

ಬಿರುಕು ಇದೆ ಎಂದಾದರೆ ಮುಂದಿನ ದಾರಿ ಹೀಗಿರುತ್ತದೆ. ನಿಖರ ವಾರಗಳನ್ನು ನಿಮ್ಮ ವೈದ್ಯರು ಹೇಳಬೇಕು. ಮೊದಲ ಆರೆಂಟು ವಾರ, ಕೆಲವರಿಗೆ ಹನ್ನೆರಡು, ಬೌಲಿಂಗ್ ಇಲ್ಲ, ಓಟ ಇಲ್ಲ, ಜಿಗಿತ ಇಲ್ಲ. ನಡಿಗೆ ಇರಲಿ. ನೋವಿಲ್ಲದಿದ್ದರೆ ಸೈಡ್ ಪ್ಲ್ಯಾಂಕ್, ಬರ್ಡ್ ಡಾಗ್, ಪೃಷ್ಠದ ಸ್ನಾಯುಗಳಿಗೆ ಬ್ರಿಡ್ಜ್ ಎಂಬ ವ್ಯಾಯಾಮಗಳು. ಆಮೇಲೆ ಓಟ. ಸುಮಾರು ನಾಲ್ಕನೆಯ ತಿಂಗಳಲ್ಲಿ ಚೆಂಡು ಕೈಗೆ: ಮೊದಲೆರಡು ವಾರ ದಿನ ಬಿಟ್ಟು ದಿನ, ಮೂರು ಹೆಜ್ಜೆಯಿಂದ ಅರ್ಧ ವೇಗದಲ್ಲಿ 12 ಎಸೆತ. ಮುಂದಿನ ಎರಡು ವಾರ ಚಿಕ್ಕ ರನ್‌ಅಪ್, 18ರಿಂದ 24. ಆಮೇಲೆ ಪೂರ್ತಿ ರನ್‌ಅಪ್, ಮುಕ್ಕಾಲು ವೇಗ, 30. ಒಂದು ವಾರದಲ್ಲಿ ವೇಗವನ್ನಾದರೂ ಹೆಚ್ಚಿಸಿ, ಸಂಖ್ಯೆಯನ್ನಾದರೂ ಹೆಚ್ಚಿಸಿ, ಎರಡನ್ನೂ ಒಟ್ಟಿಗೆ ಬೇಡ. ಮರುಕಳಿಸುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ನೋವು ಆರನೇ ವಾರಕ್ಕೇ ಹೋಗಿರುತ್ತದೆ, ಮೂಳೆ ಇನ್ನೂ ಕೂಡಿರುವುದಿಲ್ಲ, ಅಷ್ಟರಲ್ಲಿ ಯಾವುದೋ ಸೆಲೆಕ್ಷನ್ ಟ್ರಯಲ್ಸ್ ಬರುತ್ತದೆ. ಮೊದಮೊದಲು ಹುಲ್ಲಿನ ನೆಲದ ಮೇಲೆ ಹಾಕಿಸಿ. ಊರಿನ ನೆಟ್ಸ್ ಬಹುತೇಕ ಸಿಮೆಂಟ್ ಮೇಲೆ ಮ್ಯಾಟ್. ಅಲ್ಲಿ ಒಳ್ಳೆಯ ಕುಷನ್ ಇರುವ ರಬ್ಬರ್ ಸೋಲ್ ಶೂ ಬೇಕು, ಟರ್ಫ್‌ಗೆ (ಹುಲ್ಲಿನ ಪಿಚ್‌ಗೆ) ಮಾತ್ರ ಸ್ಪೈಕ್ಸ್.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಲ್ಲಿ, ಎಷ್ಟು ಎಸೆತ, ಅರ್ಧ ವೇಗವೋ ಪೂರ್ತಿಯೋ, ಮರುದಿನ ಬೆಳಗ್ಗೆ ಎದ್ದಾಗ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಬರೆಯುವವನು ಹುಡುಗನೇ ಆಗಿರಲಿ. ಸತತ ಎರಡು ಬೆಳಗ್ಗೆ ಮೂರು ಅಥವಾ ಅದಕ್ಕಿಂತ ಹೆಚ್ಚು ಬರೆದರೆ ಅವತ್ತಿಗೆ ಬೌಲಿಂಗ್ ಬಂದ್. ಅವನು ನಿಜ ಬರೆಯಬೇಕಾದರೆ ಮೂರು ಬರೆದದ್ದಕ್ಕೆ ಮನೆಯಲ್ಲಿ ಮುಖ ಸಣ್ಣದಾಗಬಾರದು.

ಈಗ ‘ರಕ್ತದಲ್ಲೇ ಆಟ’ ಎಂಬ ಮಾತಿಗೆ ಬರೋಣ. ಎತ್ತರ, ಸ್ನಾಯುವಿನ ಗುಣ ಸ್ವಲ್ಪ ಮಟ್ಟಿಗೆ ವಂಶದಿಂದ ಬರುವುದು ನಿಜ. ಔಟ್‌ಸ್ವಿಂಗರ್ (ಗಾಳಿಯಲ್ಲಿ ಹೊರಕ್ಕೆ ತಿರುಗುವ ಎಸೆತ) ಬರುವುದಿಲ್ಲ. ಆಟದ ಮನೆಯಲ್ಲಿ ಹುಟ್ಟಿದವನಿಗೆ ಸಿಗುವ ನಿಜವಾದ ಲಾಭ ಬೇರೆ: ಐದು ವರ್ಷಕ್ಕೇ ಕೈಯಲ್ಲಿ ಸರಿಯಾದ ಅಳತೆಯ ಬ್ಯಾಟ್, ಬೆಳಗ್ಗೆ ಐದಕ್ಕೆ ಏಳುವುದನ್ನು ವಿಚಿತ್ರ ಎನ್ನದ ಅಮ್ಮ, ಸೊನ್ನೆಗೆ ಔಟಾಗಿ ಬಂದವನಿಗೆ ಏನು ಹೇಳಬಾರದೆಂದು ಗೊತ್ತಿರುವ ಅಪ್ಪ. ಅದರಾಚೆಗೆ ಮನೆತನ ಕೆಲಸ ಮಾಡುವುದಿಲ್ಲ ಎನ್ನಲು ದೂರ ಹೋಗಬೇಕಿಲ್ಲ, ಶಿವಮೊಗ್ಗದ ನವುಲೆಯಲ್ಲಿರುವ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನಕ್ಕೆ ಹೋದರೆ ಸಾಕು. 2024ರ ಜನವರಿಯಲ್ಲಿ ಅಲ್ಲಿ 19ರೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆಯಿತು. ಮುಂಬೈ ವಿರುದ್ಧ ಕರ್ನಾಟಕ 8 ವಿಕೆಟ್‌ಗೆ 890. ಆ ತಂಡದಲ್ಲಿ ರಾಹುಲ್ ದ್ರಾವಿಡ್ ಅವರ ಮಗ ಸಮಿತ್ ಇದ್ದರು. ಆದರೆ ಔಟಾಗದೆ 404 ಹೊಡೆದು, ಟೂರ್ನಿಯ ಫೈನಲ್‌ಗಳಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿದ್ದ 358ರ ದಾಖಲೆ ಅಳಿಸಿದವರು ಪ್ರಖರ್ ಚತುರ್ವೇದಿ, ತಂದೆ ಸಾಫ್ಟ್‌ವೇರ್ ಎಂಜಿನಿಯರ್. ದಾಖಲೆ ಕಳೆದುಕೊಂಡ ಯುವರಾಜ್ ಟೆಸ್ಟ್ ಆಟಗಾರ ಯೋಗರಾಜ್ ಸಿಂಗ್ ಅವರ ಮಗ. 2025ರ ಅಕ್ಟೋಬರ್‌ನಲ್ಲಿ ಅದೇ ನವುಲೆಯಲ್ಲಿ ಕರ್ನಾಟಕದ ವಿರುದ್ಧ ರಣಜಿಯಲ್ಲಿ ಗೋವಾ ಪರ ಬೌಲಿಂಗ್ ಮಾಡಿದವರು ಅರ್ಜುನ್ ತೆಂಡೂಲ್ಕರ್. ಅಪ್ಪನಂತೆ ರಣಜಿಯ ಮೊದಲ ಪಂದ್ಯದಲ್ಲೇ ಶತಕ ಹೊಡೆದವರು ಅವರು. ಆದರೆ ಆ ಪಂದ್ಯ ಸಿಗಲು ಮುಂಬೈ ಬಿಟ್ಟು ಗೋವಾಕ್ಕೆ ಹೋಗಬೇಕಾಯಿತು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1967ರಲ್ಲಿ ಆಂಧ್ರದ ವಿರುದ್ಧ ರಣಜಿಗೆ ಕಾಲಿಟ್ಟದ್ದೇ 230 ಹೊಡೆದರು, ಎರಡು ವರ್ಷದ ಮೇಲೆ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ 137. ಗಾವಸ್ಕರ್ ತಂಗಿಯನ್ನು ಅವರು ಮದುವೆಯಾದದ್ದು ಆಮೇಲೆ. ಅಲ್ಲಿ ನೆಂಟಸ್ತಿಕೆ ಬಂದದ್ದು ಕ್ರಿಕೆಟ್‌ನಿಂದ.

ಹಾಗಾದರೆ ವಶೀಲಿ ಇಲ್ಲವೇ? ಇಲ್ಲ ಎಂದರೆ ನೀವು ನಗುತ್ತೀರಿ. ಹೆಸರಿರುವವರ ಮಗನನ್ನು ಟ್ರಯಲ್ಸ್‌ನಲ್ಲಿ ಹತ್ತು ನಿಮಿಷ ಹೆಚ್ಚು ನೋಡುತ್ತಾರೆ, ಕೆಟ್ಟ ದಿನವಿದ್ದರೆ ಇನ್ನೊಂದು ಅವಕಾಶ ಸಿಗಬಹುದು. ಹದಿನಾರರೊಳಗೆ ಇದು ಲೆಕ್ಕಕ್ಕೆ ಬರುತ್ತದೆ. ನಾಲ್ಕು ದಿನದ ಪಂದ್ಯ ಶುರುವಾದ ಮೇಲೆ ವಿಕೆಟ್ ತೆಗೆಯದ ಬೌಲರ್‌ನನ್ನು ಹೆಸರು ಬಹಳ ಕಾಲ ಕಾಯುವುದಿಲ್ಲ. ದಾವಣಗೆರೆಯ ವಿನಯ್ ಕುಮಾರ್ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕ. ಗದಗದಿಂದ ಬಂದ ಸುನೀಲ್ ಜೋಶಿ ಟೆಸ್ಟ್ ಆಡಿದರು. ಇನ್ನೊಂದು ಎಚ್ಚರಿಕೆ: ‘ಲೀಗ್ ತಂಡದಲ್ಲಿ, ರಾಜ್ಯದ ಸಂಭಾವ್ಯರ ಪಟ್ಟಿಯಲ್ಲಿ ಹೆಸರು ಹಾಕಿಸುತ್ತೇನೆ’ ಎಂದು ದುಡ್ಡು ಕೇಳುವವರು ನಿಮಗೆ ಫೋನ್ ಮಾಡುತ್ತಾರೆ. ಬೇರೆ ರಾಜ್ಯದ ತಂಡದ ಆಮಿಷವೂ ಬರುತ್ತದೆ. ಅಂಥ ಫೋನ್ ಅಲ್ಲೇ ಇಡಿ.

ವಶೀಲಿಗಿಂತ ನಿಮ್ಮ ಮಗನನ್ನು ಹೆಚ್ಚು ಕಾಡುವುದು ಜುಲೈ ತಿಂಗಳು. ವಯೋಮಿತಿ ಲೆಕ್ಕ ಹಾಕುವುದು ಸೆಪ್ಟೆಂಬರ್ 1ಕ್ಕೆ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವನು ಅದೇ ಗುಂಪಿನಲ್ಲಿ ನಿಮ್ಮ ಮಗನಿಗಿಂತ ಹತ್ತು ತಿಂಗಳು ದೊಡ್ಡವನು. ಹದಿನಾಲ್ಕರಲ್ಲಿ ಹತ್ತು ತಿಂಗಳು ಎಂದರೆ ನಾಲ್ಕು ಇಂಚು ಎತ್ತರ, ಗಂಟೆಗೆ ಹತ್ತು ಕಿಲೋಮೀಟರ್ ವೇಗದ ವ್ಯತ್ಯಾಸ ಇರಬಹುದು. ಆಯ್ಕೆಯಾಗದಿದ್ದರೆ ಪ್ರತಿಭೆ ಇಲ್ಲ ಎಂದುಕೊಳ್ಳಬೇಡಿ, ಮೊದಲು ಇದನ್ನು ನೋಡಿ. ಅವನಿಗೆ 16ರೊಳಗಿನ ವಿಜಯ್ ಮರ್ಚೆಂಟ್ ಟ್ರೋಫಿಗೆ ಇನ್ನೂ ಎರಡು ಸೀಸನ್ ಇದೆ. ಮೊದಲನೆಯದನ್ನು ಬೆನ್ನಿಗೆ ಬಿಟ್ಟುಕೊಡಿ. ಆ ಹಂತದಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ಪರೀಕ್ಷಿಸುತ್ತಾರೆ. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರರಲ್ಲೂ ದಿನಾಂಕ, ಹೆಸರಿನ ಅಕ್ಷರ ಒಂದೇ ಇದೆಯೇ ಈಗಲೇ ನೋಡಿ, ವ್ಯತ್ಯಾಸವಿದ್ದರೆ ಈ ರಜೆಯಲ್ಲೇ ತಿದ್ದಿಸಿ. ವಯಸ್ಸು ಇಳಿಸುವ ಸಲಹೆ ಯಾರಾದರೂ ಕೊಟ್ಟರೆ, ಸಿಕ್ಕಿಬಿದ್ದವರಿಗೆ ಬಿಸಿಸಿಐ ಹಾಕುವ ನಿಷೇಧ ಎರಡು ವರ್ಷ ಎಂದು ಹೇಳಿ.

ಬೆಂಗಳೂರು. ಈ ವರ್ಷ ಬೇಡ. ಬೆನ್ನು ಸರಿಯಿಲ್ಲದ ಬೌಲರ್ ಹೊಸ ಊರಿನಲ್ಲಿ, ಹೊಸ ಕೋಚ್ ಮುಂದೆ ‘ನೋವಿದೆ’ ಎನ್ನುವುದಿಲ್ಲ. ಖರ್ಚೂ ಸಣ್ಣದಲ್ಲ: ಅಕಾಡೆಮಿ, ಪಿಜಿ, ಶಾಲೆ, ಓಡಾಟ ಸೇರಿ ತಿಂಗಳಿಗೆ 25ರಿಂದ 30 ಸಾವಿರ ರೂಪಾಯಿ ಇಟ್ಟುಕೊಳ್ಳಿ, ಕಿಟ್ ಬೇರೆ. ಅಷ್ಟು ಕೊಟ್ಟೂ ಕ್ಲಬ್ ಲೀಗ್‌ನ ಕೆಳಗಿನ ಡಿವಿಷನ್‌ನ ತಂಡದಲ್ಲಿ ಬೆಂಚ್ ಮೇಲೆ ಕೂತು, ನೆಟ್ಸ್‌ನಲ್ಲಿ ದೊಡ್ಡವರಿಗೆ ದಿನಕ್ಕೆ ಎರಡು ಗಂಟೆ ಬೌಲ್ ಮಾಡುವ ಹುಡುಗರು ಬಹಳ. ನಿಮಗೆ ಇನ್ನೊಂದು ದಾರಿ ಇದೆ, ನೀವು ಅದನ್ನು ದಾರಿ ಎಂದು ಎಣಿಸಿಲ್ಲ: ಶಿವಮೊಗ್ಗದ ಸೋದರತ್ತೆಯ ಮನೆ. ಎಸ್ಸೆಸ್ಸೆಲ್ಸಿವರೆಗೆ ಸಾಗರದಲ್ಲೇ ಇರಲಿ, ವಾರಾಂತ್ಯಕ್ಕೆ ತಾಳಗುಪ್ಪ ರೈಲಿನಲ್ಲಿ ಶಿವಮೊಗ್ಗ, ಪಿಯುಗೆ ಪೂರ್ತಿ ಅಲ್ಲೇ. ಅಲ್ಲಿ ಟರ್ಫ್ ಇದೆ, ವಲಯದ ಪಂದ್ಯಗಳಿವೆ, ವಲಯ ತಂಡದ ಜಾಗಕ್ಕೆ ಪೈಪೋಟಿ ಬೆಂಗಳೂರಿಗಿಂತ ಕಡಿಮೆ. ಓಟಗಾರ್ತಿಯಾಗಿದ್ದ ಅತ್ತೆಗೆ ವಿಶ್ರಾಂತಿಯ ಬೆಲೆ ಗೊತ್ತಿರುತ್ತದೆ. ಈ ದಾರಿಯ ತೊಂದರೆಯನ್ನೂ ಹೇಳುತ್ತೇನೆ: ಎದುರಾಗುವ ಬ್ಯಾಟ್ಸ್‌ಮನ್‌ಗಳ ಮಟ್ಟ ಕಡಿಮೆ, ಊರಲ್ಲಿ ವಿಕೆಟ್ ತರುವ ಶಾರ್ಟ್ ಬಾಲ್ ಮೇಲಿನ ಮಟ್ಟದಲ್ಲಿ ಬೌಂಡರಿಗೆ ಹೋಗುತ್ತದೆ. ಹದಿನೇಳರ ಹೊತ್ತಿಗೆ ವಲಯ ತಂಡದಲ್ಲಿ ಖಾಯಂ ಆಗಿದ್ದು, ಬೆಂಗಳೂರಿನ ಒಳ್ಳೆಯ ಡಿವಿಷನ್ ಕ್ಲಬ್ ತಾನಾಗಿ ಕರೆದರೆ ಆಗ ಕಳಿಸಿ. ಕ್ಲಬ್ ಕರೆಯದೆ ಅಕಾಡೆಮಿಯ ಜಾಹೀರಾತು ನೋಡಿ ಹೋಗುವುದರಲ್ಲಿ ಅರ್ಥವಿಲ್ಲ.

ದುಡ್ಡಿನ ಲೆಕ್ಕ ತಿಳಿದಿರಲಿ. 2021ರಲ್ಲಿ ಬಿಸಿಸಿಐ ಪ್ರಕಟಿಸಿದ ದರದಲ್ಲಿ, ರಣಜಿಯಲ್ಲಿ ಹನ್ನೊಂದರಲ್ಲಿ ಆಡುವ ಹೊಸಬನಿಗೆ, ಅಂದರೆ 20 ಪಂದ್ಯದವರೆಗೆ, ದಿನಕ್ಕೆ 40 ಸಾವಿರ ರೂಪಾಯಿ. 21ರಿಂದ 40 ಪಂದ್ಯ ಆಡಿದವರಿಗೆ 50, ಅದಕ್ಕೂ ಮೇಲೆ 60. ಹೊರಗೆ ಕುಳಿತವರಿಗೆ ಅರ್ಧ. 23ರೊಳಗಿನವರಿಗೆ 25 ಸಾವಿರ, 19ರೊಳಗಿನವರಿಗೆ 20 ಸಾವಿರ. ಏಳು ಲೀಗ್ ಪಂದ್ಯ, ನಾಲ್ಕು ನಾಲ್ಕು ದಿನ ಎಂದರೆ ಹೊಸಬನಿಗೆ 11 ಲಕ್ಷದ ಆಸುಪಾಸು. ಕೇಳಲು ಚೆನ್ನಾಗಿದೆ, ಆದರೆ ಇಡೀ ರಾಜ್ಯದಲ್ಲಿ ಆ ಹನ್ನೊಂದರೊಳಗೆ ವೇಗಿಗಳ ಜಾಗ ಮೂರೋ ನಾಲ್ಕೋ. ಗಾಯವಾದ ವರ್ಷ ಪಂದ್ಯ ಶುಲ್ಕವಿಲ್ಲ. ಟಿ20 ಲೀಗ್‌ಗಳ ದುಡ್ಡು ಬಂದರೆ ಒಳ್ಳೆಯದು, ಅದನ್ನು ನೆಚ್ಚಿ ತೋಟ ಅಡವಿಡಬೇಡಿ. ಲೀಗ್‌ಗಳ ಸುತ್ತ ಬುಕ್ಕಿಗಳೂ ಇರುತ್ತಾರೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಫಿಕ್ಸಿಂಗ್ ಪ್ರಕರಣದಲ್ಲಿ ರಣಜಿ ಆಡಿದವರೇ ಬಂಧನಕ್ಕೊಳಗಾದರು. ಶೂ, ಫೋನ್ ಉಡುಗೊರೆ ಕೊಡುವ ಅಪರಿಚಿತ ‘ಅಣ್ಣ’ನ ವಿಷಯ ಹುಡುಗನಿಗೆ ಈಗಲೇ ಹೇಳಿಡಿ.

ಓದು ನಿಲ್ಲಿಸಬೇಡಿ. ಪಿಯುನಲ್ಲಿ ಶೇಕಡಾ 75 ಹಾಜರಾತಿ ಬೇಕು, ದೇಸಿ ಸೀಸನ್ ಬೀಳುವುದು ಅಕ್ಟೋಬರ್‌ನಿಂದ ಫೆಬ್ರುವರಿ. ಸೈನ್ಸ್ ತೆಗೆದುಕೊಂಡು ಲ್ಯಾಬ್ ತಪ್ಪಿಸಿ ಎರಡೂ ಕೆಡಿಸಿಕೊಳ್ಳುವುದಕ್ಕಿಂತ ಕಾಮರ್ಸ್ ಅಥವಾ ಆರ್ಟ್ಸ್ ವಾಸಿ. ವಲಯ, ವಿಶ್ವವಿದ್ಯಾಲಯ, ರಾಜ್ಯದ ವಯೋಮಿತಿ ತಂಡಗಳಲ್ಲಿ ಆಡಿದ ಒಂದೊಂದು ಪ್ರಮಾಣಪತ್ರವನ್ನೂ ಫೈಲ್ ಮಾಡಿ. ಹುಬ್ಬಳ್ಳಿಯ ನೈರುತ್ಯ ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ನೇಮಕಾತಿಗೆ ಬೇಕಾಗುವುದು ಅದೇ. ಇಪ್ಪತ್ತೆರಡಕ್ಕೆ 23ರೊಳಗಿನವರ ರಾಜ್ಯ ಸಂಭಾವ್ಯರಲ್ಲಿ ಹೆಸರಿಲ್ಲದಿದ್ದರೆ ಆಟವನ್ನು ಹವ್ಯಾಸವಾಗಿಟ್ಟುಕೊಂಡು ಅಂಪೈರಿಂಗ್, ಕೋಚಿಂಗ್, ಫಿಸಿಯೋಥೆರಪಿ ಕಡೆ ನೋಡುವುದು ಒಳ್ಳೆಯದು. ಈ ಗಡುವನ್ನು ಈಗಲೇ ಮನೆಯಲ್ಲಿ ಮಾತಾಡಿಕೊಂಡಿದ್ದರೆ ಆಗ ಜಗಳ ಕಡಿಮೆ.

ಕೊನೆಯದಾಗಿ, ನೀವು ಕಂಸದಲ್ಲಿ ಹಾಕಿದ ಮಗಳು. ಸ್ಮೃತಿ ಮಂಧಾನ ಅವರ ತಂದೆ, ಅಣ್ಣ ಇಬ್ಬರೂ ಸಾಂಗ್ಲಿ ಜಿಲ್ಲೆಯ ಪರ ಆಡಿದವರು. ಅಣ್ಣ ಆಡುವುದನ್ನು ನೋಡಿಯೇ ಆಕೆ ಶುರು ಮಾಡಿದ್ದು, ಒಂಬತ್ತಕ್ಕೆ ಮಹಾರಾಷ್ಟ್ರದ 15ರೊಳಗಿನವರ ತಂಡ ಸೇರಿದ್ದು. ನಿಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ಹೊಡೆದರು. 2023ರಿಂದ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಇದೆ. ಜಿಲ್ಲೆಗಳಲ್ಲಿ ಲೆದರ್ ಬಾಲ್ ಆಡುವ ಹುಡುಗಿಯರು ಇನ್ನೂ ಕಡಿಮೆ, ಹಾಗಾಗಿ ವಯೋಮಿತಿ ತಂಡಗಳಲ್ಲಿ ಅವಳಿಗಿರುವ ಅವಕಾಶ ಅಣ್ಣನಿಗಿಂತ ಹೆಚ್ಚು ಎಂದೇ ನನ್ನ ಲೆಕ್ಕ. ವಲಯದಲ್ಲಿ ಹುಡುಗಿಯರ 15ರೊಳಗಿನವರ ಟ್ರಯಲ್ಸ್ ಯಾವಾಗ ಎಂದು ವಿಚಾರಿಸಿ. ಕ್ಯಾಂಪ್‌ನಲ್ಲಿ ಅಣ್ಣನ ಜಾಗ ನಾಲ್ಕು ತಿಂಗಳು ಖಾಲಿ ಇರುತ್ತದೆ, ಅವಳನ್ನು ಸೇರಿಸಿ. ಬೌಲ್ ಮಾಡುವವಳಾದರೆ ಸ್ಪೆಲ್‌ಗೆ ಐದು ಓವರ್ ಮೀರದಿರಲಿ, ಆ್ಯಕ್ಷನ್ ಹೇಳಿಕೊಡುವವರು ಒಬ್ಬರೇ ಇರಲಿ. ಬ್ಯಾಟ್ ಹಿಡಿಯುವವಳಾದರೆ ಅಣ್ಣನ ಹಳೆಯ ಬ್ಯಾಟ್ ಕೊಡಬೇಡಿ. ಅದು ಉದ್ದವೂ ಭಾರವೂ ಆಗಿ ಕೆಳಗೈಯಿಂದ ಎಳೆದು ಹೊಡೆಯುವ ಅಭ್ಯಾಸ ಬೀಳುತ್ತದೆ. ಅವಳ ಎತ್ತರಕ್ಕೆ ಅಳೆದು ಬೇರೆಯದು ಕೊಡಿಸಿ.